ಹಾಡಿದವರು ಯಾರು? ಪ್ರಶಸ್ತಿಗೆ ಮೊದಲೇ ಕೇಳೋಣ

1989ರ ಜುಲೈ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಊರಿನಲ್ಲಿ ಮಿಲಿ ವನಿಲಿ ಜೋಡಿಯ ಕಾರ್ಯಕ್ರಮ. ರಾಬ್ ಪಿಲಾಟಸ್ ಮತ್ತು ಫ್ಯಾಬ್ ಮೋರ್ವನ್ ಸಾವಿರಾರು ಜನರೆದುರು ಹಾಡಿ ಕುಣಿಯುತ್ತಿದ್ದಾಗ, ತೆರೆಮರೆಯಲ್ಲಿ ಓಡುತ್ತಿದ್ದ ಮುದ್ರಿತ ಧ್ವನಿ ಕಚ್ಚಿಕೊಂಡಿತು. ಹಾಡಿನ ಒಂದೇ ತುಣುಕು ಮತ್ತೆ ಮತ್ತೆ ಮೊಳಗತೊಡಗಿತು. ಪಿಲಾಟಸ್ ವೇದಿಕೆ ಬಿಟ್ಟು ಓಡಿದರು. ಇದಾಗಿ ಏಳು ತಿಂಗಳಿಗೆ, 1990ರ ಫೆಬ್ರುವರಿಯಲ್ಲಿ, ಅದೇ ಜೋಡಿಗೆ ಅಮೆರಿಕದ ಸಂಗೀತೋದ್ಯಮದ ಅತ್ಯುನ್ನತ ಗೌರವವಾದ ಗ್ರ್ಯಾಮಿ ಸಿಕ್ಕಿತು. ಆ ವರ್ಷದ ಅತ್ಯುತ್ತಮ ಹೊಸ ಕಲಾವಿದರು ಅವರೇ ಎಂದು ರೆಕಾರ್ಡಿಂಗ್ ಅಕಾಡೆಮಿ ಸಾರಿತು. ನವೆಂಬರ್‌ನಲ್ಲಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಬಾಯಿಬಿಟ್ಟರು: ಆಲ್ಬಂನಲ್ಲಿ ಕೇಳಿಸುವುದು ಇವರಿಬ್ಬರ ದನಿಯೇ ಅಲ್ಲ. ಅಕಾಡೆಮಿ ಪ್ರಶಸ್ತಿಯನ್ನು ವಾಪಸು ಪಡೆಯಿತು. ಗ್ರ್ಯಾಮಿ ಚರಿತ್ರೆಯಲ್ಲಿ ಕೊಟ್ಟು ಕಿತ್ತುಕೊಂಡ ಪ್ರಶಸ್ತಿ ಅದೊಂದೇ.

ಅಂದು ಸೂಚನೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ತುಂಬಿದ ಸಭೆಯಲ್ಲೇ ಸಿಕ್ಕಿತ್ತು. ಹಾಡಿದವರು ನಿಜಕ್ಕೂ ಯಾರು ಎಂದು ಪ್ರಶಸ್ತಿ ಕೊಡುವವರು ಕೇಳಲಿಲ್ಲ, ಅಷ್ಟೇ. ನಮ್ಮ ದೇಶದ ಸಂಗೀತ ಪ್ರಶಸ್ತಿಗಳೂ ಇಂದು ಅಂಥದೇ ಏಳು ತಿಂಗಳೊಳಗೆ ಕಾಲಿಟ್ಟಿವೆ. ಕೃತಕ ಬುದ್ಧಿಮತ್ತೆ (ಎಐ) ಹಾಡಿದ ಹಾಡಿಗೆ ಮನುಷ್ಯರ ಹೆಸರಿನಲ್ಲಿ ರಾಷ್ಟ್ರಪ್ರಶಸ್ತಿ ಹೋಗುವ ದಿನ ದೂರವಿಲ್ಲ. ಆ ದಿನ ಬರುವ ಮೊದಲೇ ನಿಯಮ ಬರೆದುಕೊಳ್ಳಬೇಕು ಎಂಬುದು ಈ ಸಂಪಾದಕೀಯದ ಒತ್ತಾಯ.

ಭಾರತದಲ್ಲಿ ಸಂಗೀತೋದ್ಯಮ ಎಂದರೆ ಬಹುಮಟ್ಟಿಗೆ ಸಿನಿಮಾ ಸಂಗೀತ. ಹಾಗಾಗಿ ಚಿತ್ರಸಂಗೀತಕ್ಕೆ ದೇಶದ ದೊಡ್ಡ ಮನ್ನಣೆ ಸಿಗುವುದು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಸಂಗೀತ ನಿರ್ದೇಶನ ಮತ್ತು ಹಿನ್ನೆಲೆ ಗಾಯನ ವಿಭಾಗಗಳಲ್ಲಿ. ಕನ್ನಡಕ್ಕೆ ಇದು ಹೊರಗಿನ ಸಂಗತಿಯಲ್ಲ. 'ಕಾಡು ಕುದುರೆ'ಗೆ ಹಾಡಿದ ಶಿವಮೊಗ್ಗ ಸುಬ್ಬಣ್ಣ, 'ಜೀವನ ಚೈತ್ರ'ದಲ್ಲಿ ತೋಡಿ ರಾಗದ ಹಾಡಿಗೆ ಪ್ರಾಣ ತುಂಬಿದ ಡಾ. ರಾಜಕುಮಾರ್, 'ಗಾನಯೋಗಿ ಪಂಚಾಕ್ಷರಿ ಗವಾಯಿ'ಗೆ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ (ಎಸ್‌ಪಿಬಿ) ಈ ಗಾಯನ ಪ್ರಶಸ್ತಿ ಪಡೆದವರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ'ಕ್ಕೆ ಬಿ.ವಿ. ಕಾರಂತರು, ಗವಾಯಿಗಳ ಚಿತ್ರಕ್ಕೆ ಹಂಸಲೇಖ ಸಂಗೀತ ನಿರ್ದೇಶನದ ಪ್ರಶಸ್ತಿ ತಂದವರು. ಇವರ ಹೆಸರು ಹೇಳುವಾಗ ಕನ್ನಡಿಗರ ಎದೆ ಉಬ್ಬುತ್ತದೆ. ಆ ಪಟ್ಟಿಯ ಮುಂದಿನ ಹೆಸರುಗಳನ್ನೂ ಅಷ್ಟೇ ನಂಬಿಕೆಯಿಂದ ಹೇಳುವಂತಾಗಬೇಕು.

ಒಬ್ಬರ ತುಟಿ, ಇನ್ನೊಬ್ಬರ ದನಿ ಎನ್ನುವುದು ನಮಗೆ ಹೊಸತಲ್ಲ. ಹಿನ್ನೆಲೆ ಗಾಯನದ ಪರಂಪರೆ ನಿಂತಿರುವುದೇ ಅದರ ಮೇಲೆ. ಆದರೆ ನಾವು ಅದನ್ನು ಮುಚ್ಚಿಡಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯಲ್ಲಿ, ಚಿತ್ರದ ಶೀರ್ಷಿಕೆಯಲ್ಲಿ, ರೇಡಿಯೊ ನಿರೂಪಕರ ಬಾಯಲ್ಲಿ ಹಾಡಿದವರ ಹೆಸರು ಬಂದೇ ಬರುತ್ತಿತ್ತು. ಎಸ್. ಜಾನಕಿ ಅವರ ಮುಖ ಎಂದೂ ಕಾಣದ ಕೇಳುಗರೂ ಒಂದು ಸಾಲು ಕೇಳುತ್ತಿದ್ದಂತೆ ಅವರ ಹೆಸರು ಹೇಳಬಲ್ಲವರಾಗಿದ್ದರು. ಹಾಡಿದವರಿಗೆ ಹೆಸರು, ಹೆಸರಿಗೆ ಗೌರವ ಎಂಬ ಈ ನೇರ ಲೆಕ್ಕವೇ ಈಗ ತಪ್ಪುತ್ತಿರುವುದು.

ಸೂಚನೆಗಳು ಒಂದೊಂದಾಗಿ ಬರುತ್ತಿವೆ. ಫ್ರಾನ್ಸಿನ ಡೀಜರ್ ಎಂಬ ಸಂಗೀತ ತಾಣ 2025ರ ಜನವರಿಯಲ್ಲಿ, ತನಗೆ ದಿನಕ್ಕೆ ಸುಮಾರು 10,000 ಸಂಪೂರ್ಣ ಎಐ ಹಾಡುಗಳು ಬರುತ್ತಿವೆ ಎಂದು ಹೇಳಿತ್ತು. ಅದೇ ವರ್ಷದ ನವೆಂಬರ್ ಹೊತ್ತಿಗೆ ಆ ಸಂಖ್ಯೆ 50,000 ತಲುಪಿತು; ನಿತ್ಯ ಬಂದು ಬೀಳುವ ಹಾಡುಗಳಲ್ಲಿ ಇದು ಶೇ 34. ಎಂಟು ದೇಶಗಳ 9,000 ಜನರಿಗೆ ಹಾಡು ಕೇಳಿಸಿ ನಡೆಸಿದ ಸಮೀಕ್ಷೆಯಲ್ಲಿ ಶೇ 97ರಷ್ಟು ಮಂದಿಗೆ ಮನುಷ್ಯರ ಹಾಡು ಯಾವುದು, ಯಂತ್ರದ್ದು ಯಾವುದು ಎಂದು ಬೇರ್ಪಡಿಸಲಾಗಲಿಲ್ಲ. 2025ರ ಜುಲೈನಲ್ಲಿ 'ವೆಲ್ವೆಟ್ ಸನ್‌ಡೌನ್' ಎಂಬ ತಂಡಕ್ಕೆ ಸ್ಪಾಟಿಫೈನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಾಸಿಕ ಕೇಳುಗರು ಸೇರಿದ ಮೇಲೆ, ಅದು ಎಐ ನೆರವಿನಿಂದ ಕಟ್ಟಿದ ತಂಡ ಎಂದು ಅದನ್ನು ನಡೆಸುವವರೇ ಒಪ್ಪಿಕೊಂಡರು.

ನಮ್ಮ ಮನೆ ಬಾಗಿಲಿಗೂ ಇದು ಬಂದಾಗಿದೆ. 2024ರ ಜನವರಿಯಲ್ಲಿ 'ಲಾಲ್ ಸಲಾಂ' ತಮಿಳು ಚಿತ್ರದ ಹಾಡೊಂದಕ್ಕೆ ಎ.ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ಮರಳಿ ತಂದರು. ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿರುವುದಾಗಿ ಬಹಿರಂಗವಾಗಿ ತಿಳಿಸಿದರು. ಮುಂದಿನ ತಿಂಗಳೇ ಇದರ ತದ್ವಿರುದ್ಧ ಸುದ್ದಿ ಬಂತು. ಒಪ್ಪಿಗೆ ಇಲ್ಲದೆ ಎಸ್‌ಪಿಬಿ ದನಿಯನ್ನು ಮರುಸೃಷ್ಟಿಸಲಾಗಿದೆ ಎಂದು ಅವರ ಕುಟುಂಬ 'ಕೀಡಾ ಕೋಲಾ' ತೆಲುಗು ಚಿತ್ರದವರಿಗೆ ನೋಟಿಸ್ ಕಳಿಸಿತು. ಅದೇ ವರ್ಷದ ಜುಲೈನಲ್ಲಿ ಅರಿಜಿತ್ ಸಿಂಗ್ ದೂರಿನ ಮೇಲೆ ಬಾಂಬೆ ಹೈಕೋರ್ಟ್, ಒಪ್ಪಿಗೆ ಇಲ್ಲದೆ ಗಾಯಕನ ದನಿಯನ್ನು ಎಐ ಉಪಕರಣಗಳಲ್ಲಿ ಬಳಸುವುದಕ್ಕೆ ತಡೆ ನೀಡಿತು.

ಕನ್ನಡದಲ್ಲಂತೂ 2025ರಲ್ಲಿ 'ಲವ್ ಯು' ಹೆಸರಿನ ಪೂರ್ಣಾವಧಿಯ ಎಐ ಚಿತ್ರವೇ ತೆರೆಕಂಡಿತು. ಪಾತ್ರಗಳು, ದನಿ, ಹಾಡುಗಳು ಎಲ್ಲವನ್ನೂ ಎಐ ಬಳಸಿ ರೂಪಿಸಿದ್ದಾಗಿ ತಯಾರಕರು ಹೇಳಿಕೊಂಡರು. ವೆಚ್ಚ ಸುಮಾರು 10 ಲಕ್ಷ ರೂಪಾಯಿ, ಹಾಡುಗಳು ಒಂದು ಡಜನ್. ಸೆನ್ಸಾರ್ ಮಂಡಳಿಯ ಯು/ಎ ಪ್ರಮಾಣಪತ್ರವೂ ಸಿಕ್ಕಿತು. ರಾಷ್ಟ್ರಪ್ರಶಸ್ತಿಗೆ ಚಿತ್ರವೊಂದು ಏರಬೇಕಾದ ಮೊದಲ ಮೆಟ್ಟಿಲು ಆ ಪ್ರಮಾಣಪತ್ರವೇ. ಈ ಚಿತ್ರತಂಡದವರನ್ನು ನಾವು ದೂರುತ್ತಿಲ್ಲ. ಮಾಡಿದ್ದನ್ನು ಮಾಡಿದೆವೆಂದು ಎದೆ ತಟ್ಟಿ ಹೇಳಿದವರು ಅವರು. ಭಯವಿರುವುದು ಮಾಡಿಯೂ ಹೇಳದವರ ಬಗ್ಗೆ.

ಹೇಳದಿದ್ದರೆ ತೀರ್ಪುಗಾರರಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ ಎನ್ನಲು ನಮ್ಮ ಬಳಿಯೇ ಸಾಕ್ಷಿಯಿದೆ. 2022ರ ಜುಲೈನಲ್ಲಿ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರಕಟವಾದಾಗ, ಕನ್ನಡದ 'ಡೊಳ್ಳು' ಚಿತ್ರಕ್ಕೆ ಸ್ಥಳದಲ್ಲೇ ಧ್ವನಿಗ್ರಹಣ ಮಾಡಿದ್ದಕ್ಕಾಗಿ ಪ್ರಶಸ್ತಿ ಬಂತು. ಚಿತ್ರೀಕರಣದ ಹೊತ್ತಿನಲ್ಲೇ ದನಿ ಹಿಡಿದ, ಅಂದರೆ ಸಿಂಕ್ ಸೌಂಡ್ ಚಿತ್ರಗಳಿಗಷ್ಟೇ ಮೀಸಲಾದ ಪ್ರಶಸ್ತಿ ಅದು. 'ಡೊಳ್ಳು' ಸಿಂಕ್ ಸೌಂಡ್ ಚಿತ್ರವಲ್ಲ, ಡಬ್ಬಿಂಗ್ ಮಾಡಿದ ಚಿತ್ರ ಎಂದು ಅದರ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಅವರೇ ಬಹಿರಂಗವಾಗಿ ಹೇಳಿದರು. ಆಸ್ಕರ್ ವಿಜೇತ ಧ್ವನಿತಂತ್ರಜ್ಞ ರಸೂಲ್ ಪೂಕುಟ್ಟಿ ದನಿಗೂಡಿಸಿದರು. ಇಲ್ಲಿ ಯಂತ್ರದ ಮೋಸ ಇರಲಿಲ್ಲ, ಕಳ್ಳ ದನಿ ಇರಲಿಲ್ಲ. ಡಬ್ಬಿಂಗ್ ಸ್ಟುಡಿಯೊದ ದನಿಗೂ ಬಯಲಿನ ದನಿಗೂ ಇರುವ ವ್ಯತ್ಯಾಸ ವೃತ್ತಿಪರರ ಕಿವಿಗೆ ಗೊತ್ತಾಗುವಂಥದ್ದು. ಅದೂ ಎರಡು ಸುತ್ತಿನ ಆಯ್ಕೆಯಲ್ಲಿ ಜಾರಿಹೋಯಿತು. ಹೀಗಿರುವಾಗ ಕೇಳುಗರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿ ಎಡವುವ ಎಐ ದನಿಯನ್ನು ಬರಿ ಕಿವಿಯಿಂದ ಹಿಡಿಯುತ್ತೇವೆ ಎಂದುಕೊಳ್ಳುವುದು ಆತ್ಮವಂಚನೆ.

ಇದಕ್ಕಿಂತ ಕಗ್ಗಂಟಾದ ಪ್ರಶ್ನೆ ಇನ್ನೊಂದಿದೆ. ಪೂರ್ತಿ ಯಂತ್ರವೇ ಹಾಡಿದ ಹಾಡನ್ನು ಇಂದಲ್ಲ ನಾಳೆ ಯಾರಾದರೂ ಪತ್ತೆ ಹಚ್ಚಬಹುದು. ಅರ್ಧ ಮನುಷ್ಯ, ಅರ್ಧ ಯಂತ್ರ ಹಾಡಿದ್ದನ್ನು ಏನು ಮಾಡುವುದು?

ಚಿತ್ರಸಂಗೀತದ ಒಳಗಿದ್ದವರಿಗೆ ಟ್ರ್ಯಾಕ್ ಹಾಡುವುದು ಅಂದರೇನೆಂದು ಗೊತ್ತು. ಹೆಸರಾಂತ ಗಾಯಕರು ಊರಲ್ಲಿಲ್ಲ, ಚಿತ್ರೀಕರಣಕ್ಕೆ ಹಾಡು ಇಂದೇ ಬೇಕು. ಆಗ ಹೊಸಬರೊಬ್ಬರು ಬಂದು ಹಾಡನ್ನು ಪೂರ್ತಿ ಹಾಡಿಟ್ಟು ಹೋಗುತ್ತಾರೆ. ದೊಡ್ಡ ಗಾಯಕರು ಬಂದಾಗ ಅದನ್ನು ಕೇಳಿ, ಕಲಿತು, ತಮ್ಮ ದನಿಯಲ್ಲಿ ಹಾಡುತ್ತಾರೆ. ಟ್ರ್ಯಾಕ್ ಹಾಡಿದವರ ದನಿ ಅಳಿಸಿಹೋಗುತ್ತದೆ. ಸಿಗುವುದು ಚಿಕ್ಕ ಸಂಭಾವನೆ ಮತ್ತು ಸಂಗೀತ ನಿರ್ದೇಶಕರ ಕಿವಿಗೆ ಬೀಳುವ ಅವಕಾಶ. ಆ ಅವಕಾಶವೇ ಅನೇಕರಿಗೆ ಏಣಿಯಾಗಿದೆ. ಲತಾ ಮಂಗೇಶ್ಕರ್ ಅವರಿಗಾಗಿ ಟ್ರ್ಯಾಕ್ ಹಾಡುತ್ತ ಬೆಳೆದವರು ಕವಿತಾ ಕೃಷ್ಣಮೂರ್ತಿ.

ಈಗಿನ ತಂತ್ರಜ್ಞಾನದಲ್ಲಿ ದೊಡ್ಡ ಗಾಯಕರು ಸ್ಟುಡಿಯೊಕ್ಕೆ ಬರಬೇಕಾಗಿಯೇ ಇಲ್ಲ. ಟ್ರ್ಯಾಕ್ ಹಾಡಿದವರ ಗಾಯನ ಹಾಗೇ ಇರುತ್ತದೆ. ಅದರ ಮೇಲೆ ಹೆಸರಾಂತ ದನಿಯ ಬಣ್ಣವನ್ನು ಕಂಪ್ಯೂಟರ್ ಹಚ್ಚುತ್ತದೆ. ಒಂದು ಸಾಲನ್ನು ಹತ್ತಿರದಿಂದ ಗಮನಿಸಿ. ಪಲ್ಲವಿಯ ಮೊದಲ ಅಕ್ಷರಕ್ಕೆ ಮುಂಚೆ ಎಳೆದುಕೊಂಡ ಉಸಿರು ಹೊಸಬರದು. ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಎತ್ತಿಕೊಂಡ ಚೆಲುವು ಅವರದು. ಗಾಂಧಾರದಿಂದ ರಿಷಭಕ್ಕೆ ಜಾರುವಾಗ ಕೊಟ್ಟ ಗಮಕ, 'ಅಮ್ಮ' ಎನ್ನುವಾಗ ಒತ್ತಕ್ಷರದ ಮೇಲೆ ನಿಂತ ಭಾರ, ಸಾಲಿನ ಕೊನೆಯಲ್ಲಿ ದನಿ ತೆಳ್ಳಗಾದ ಬಗೆ ಎಲ್ಲವೂ ಅವರದೇ. ದನಿಯ ಗುರುತು ಮಾತ್ರ ಇನ್ನೊಬ್ಬರದು. ತೆರೆಯ ಮೇಲೆ ಬರುವುದು ಆ ಇನ್ನೊಬ್ಬರ ಹೆಸರು, ಪ್ರಶಸ್ತಿ ಬಂದರೆ ಅದೂ ಅವರಿಗೇ. ಮಿಲಿ ವನಿಲಿಯಲ್ಲಿ ಹಾಡಿದವರ ಮುಖವನ್ನು ಮರೆಮಾಡಿದ್ದರು. ಇಲ್ಲಿ ಹಾಡಿದವರ ದನಿಯನ್ನೇ ಮರೆಮಾಡಿದಂತಾಗುತ್ತದೆ. ಸಣ್ಣ ಊರಿನಿಂದ ಗಾಂಧಿನಗರಕ್ಕೆ ಬಂದು, ರಿಯಾಲಿಟಿ ಶೋಗಳಲ್ಲಿ ಹಾಡಿ, ಟ್ರ್ಯಾಕ್ ಹಾಡುತ್ತ ಕಾಯುವ ಹುಡುಗ ಹುಡುಗಿಯರ ಏಣಿ ಕಳಚಿ ಬೀಳುವುದು ಹೀಗೆ. ಅವರ ಹಾಡಿಗೆ ಪ್ರಶಸ್ತಿ ಬಂದರೂ ಅವರಿಗೆ ಬಾರದು. ತಮ್ಮದೆಂದು ಹೇಳಿಕೊಂಡರೆ ನಂಬುವವರಿಲ್ಲ.

ಕಾನೂನಿನಲ್ಲೂ ಒಂದು ಕಂಡಿ ಇದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಸೃಷ್ಟಿಸಿದ ಸಾಹಿತ್ಯ, ಸಂಗೀತ ಕೃತಿಗಳಿಗೆ, ಅದು ಸೃಷ್ಟಿಯಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. 1994ರ ತಿದ್ದುಪಡಿಯಲ್ಲಿ ಸೇರಿದ ಮಾತು ಇದು. ಅಂದಿನ ಶಾಸಕರ ಕಣ್ಣ ಮುಂದೆ ಇಂದಿನ ಎಐ ಇರಲಿಲ್ಲ. ಆದರೆ ನಾಲ್ಕು ಸಾಲಿನ ಸೂಚನೆ ಟೈಪ್ ಮಾಡಿ ರಾಗ ಹಾಕಿಸಿಕೊಂಡವರು ಇಂದು ಇದೇ ವಾಕ್ಯ ತೋರಿಸಿ 'ಸಂಗೀತ ನಿರ್ದೇಶಕ ನಾನೇ' ಎಂದು ವಾದಿಸಬಹುದು. ನ್ಯಾಯಾಲಯ ಒಪ್ಪುತ್ತದೋ ಇಲ್ಲವೋ, ಪ್ರಶಸ್ತಿಯ ಅರ್ಜಿ ತುಂಬಲು ಅಷ್ಟು ಸಾಕು. 2012ರ ತಿದ್ದುಪಡಿಯಿಂದ ಗೀತರಚನೆಕಾರರು, ಸಂಗೀತ ನಿರ್ದೇಶಕರು, ಗಾಯಕರು ಹೋರಾಡಿ ಪಡೆದ ಗೌರವಧನದ ಹಕ್ಕು ಕೂಡ ಯಾರು ಬರೆದರು, ಯಾರು ರಾಗ ಹಾಕಿದರು, ಯಾರು ಹಾಡಿದರು ಎಂಬುದಕ್ಕೆ ಗಂಟು ಬಿದ್ದಿದೆ. ಪ್ರಶಸ್ತಿ ಪತ್ರದಲ್ಲಿ ತಪ್ಪು ಹೆಸರು ಬಿದ್ದರೆ ನಾಳೆ ಹಕ್ಕಿನ ಜಗಳದಲ್ಲಿ ಅದೇ ದಾಖಲೆಯಾಗುತ್ತದೆ.

ಗ್ರ್ಯಾಮಿ ಕೊಡುವ ಅಕಾಡೆಮಿ ತನ್ನ ಹಳೆಯ ಅನುಭವದಿಂದ ಕಲಿತಿದೆ. 2023ರ ಜೂನ್‌ನಲ್ಲಿ ಅದು ನಿಯಮ ಬರೆಯಿತು: ಪ್ರಶಸ್ತಿಗೆ ಅರ್ಹರು ಮನುಷ್ಯರು ಮಾತ್ರ, ಕೃತಿಯಲ್ಲಿ ಎಐ ಇರಬಹುದು, ಆದರೆ ಮನುಷ್ಯರ ಪಾಲು ಅರ್ಥಪೂರ್ಣವಾಗಿರಬೇಕು, ಯಾವ ವಿಭಾಗಕ್ಕೆ ಅರ್ಜಿಯೋ ಆ ಕೆಲಸವನ್ನೇ ಮನುಷ್ಯರು ಮಾಡಿರಬೇಕು. ರಚನೆಗೆ ಪ್ರಶಸ್ತಿಯಾದರೆ ರಚನೆ, ಗಾಯನಕ್ಕಾದರೆ ಗಾಯನ. ನಿಯಮ ಬರೆದ ಕೂಡಲೇ ಎಲ್ಲ ಸಲೀಸಾಗಲಿಲ್ಲ. ಡ್ರೇಕ್ ಮತ್ತು ವೀಕೆಂಡ್ ದನಿಗಳನ್ನು ಎಐ ಮೂಲಕ ಅನುಕರಿಸಿದ 'ಹಾರ್ಟ್ ಆನ್ ಮೈ ಸ್ಲೀವ್' ಹಾಡು ಸ್ಪರ್ಧೆಗೆ ಬಂದಾಗ, ಬರೆದದ್ದು ಮನುಷ್ಯನಾದ್ದರಿಂದ ರಚನೆಯ ವಿಭಾಗಕ್ಕೆ ಅರ್ಹ ಎಂಬ ಮಾತು ಅಕಾಡೆಮಿಯ ಮುಖ್ಯಸ್ಥ ಹಾರ್ವಿ ಮೇಸನ್ ಜೂನಿಯರ್ ಅವರಿಂದಲೇ ಮೊದಲು ಬಂತು. ದನಿಗಳನ್ನು ಕಾನೂನುಬದ್ಧವಾಗಿ ಪಡೆದಿಲ್ಲವಾದ್ದರಿಂದ ಅರ್ಹವಲ್ಲ ಎಂದು ಆಮೇಲೆ ಅವರೇ ಸ್ಪಷ್ಟಪಡಿಸಬೇಕಾಯಿತು. ನಿಯಮ ಇದ್ದ ಕಡೆಯೇ ಇಷ್ಟು ತಡಕಾಟ ಆದರೆ, ನಿಯಮವಿಲ್ಲದ ಕಡೆ ಗೊಂದಲ ಎಷ್ಟಿದ್ದೀತು!

ಅದೇ ಅಕಾಡೆಮಿ 2025ರ ಫೆಬ್ರುವರಿಯಲ್ಲಿ ಬೀಟಲ್ಸ್‌ನ 'ನೌ ಆ್ಯಂಡ್ ದೆನ್' ಹಾಡಿಗೆ ರಾಕ್ ಪ್ರಸ್ತುತಿಯ ಪ್ರಶಸ್ತಿ ಕೊಟ್ಟಿತು. ಜಾನ್ ಲೆನನ್ ಎಪ್ಪತ್ತರ ದಶಕದಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡು ಅದು. ಪಿಯಾನೊ ಸದ್ದಿನಲ್ಲಿ ದನಿ ಮುಳುಗಿದ್ದರಿಂದ ತೊಂಬತ್ತರ ದಶಕದಲ್ಲಿ ಉಳಿದವರು ಅದನ್ನು ಪೂರ್ಣಗೊಳಿಸಲಾಗದೆ ಕೈಬಿಟ್ಟಿದ್ದರು. ಯಂತ್ರಕಲಿಕೆಯ ತಂತ್ರದಿಂದ ದನಿಯನ್ನು ಪಿಯಾನೊದಿಂದ ಬಿಡಿಸಿದ ಮೇಲೆ ಹಾಡು 2023ರಲ್ಲಿ ಹೊರಬಂತು. ದನಿ ಲೆನನ್ ಅವರದೇ, ಹಾಡಿದ್ದೂ ಅವರೇ. ಯಂತ್ರ ಮಾಡಿದ್ದು ಕೊಳೆ ತೊಳೆಯುವ ಕೆಲಸ. ಅದನ್ನು ಮುಂಚಿತವಾಗಿಯೇ ಎಲ್ಲರಿಗೂ ಹೇಳಿದ್ದರು. ನಮ್ಮ ನಿಯಮವೂ ಈ ವಿವೇಕವನ್ನು ತೋರಬೇಕು.

ಹೊಸ ವಾದ್ಯ ಬಂದಾಗಲೆಲ್ಲ ಹಳಬರು ಹೀಗೇ ಕೂಗಾಡುತ್ತಾರೆ ಎಂದು ಕೆಲವರು ಹೇಳಬಹುದು. ಅವರ ಮಾತಿಗೆ ಆಧಾರವಿದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ಹೇರಿದ ನಿಷೇಧ ಸಡಿಲವಾಗಲು 1971 ಆಗಬೇಕಾಯಿತು. ಮೂರು ದಶಕ ನಡೆದ ಆ ಹಟ ತಪ್ಪೆಂದು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ನಾವು ಕೇಳುತ್ತಿರುವುದು ಅಂಥ ನಿಷೇಧವನ್ನಲ್ಲ. ಎಐ ಬಳಸಿ ಸಂಗೀತ ಮಾಡುವವರು ಮಾಡಲಿ, ಕೇಳುವವರು ಕೇಳಲಿ. ಹಾರ್ಮೋನಿಯಂ ನುಡಿಸಿದವರು ತಾವು ವೀಣೆ ನುಡಿಸಿದ್ದಾಗಿ ಹೇಳಿಕೊಂಡು ವೀಣಾವಾದನದ ಪ್ರಶಸ್ತಿ ಕೇಳಲಿಲ್ಲ. ಇಲ್ಲಿಯೂ ಅಷ್ಟು ಪ್ರಾಮಾಣಿಕತೆ ಸಾಕು.

ಹಾಗಾದರೆ ಆಗಬೇಕಾದ್ದೇನು? ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹಾಗೂ ರಾಜ್ಯ ಚಲನಚಿತ್ರ ಪ್ರಶಸ್ತಿ ಕೊಡುವ ಕರ್ನಾಟಕ ಸರ್ಕಾರ ಐದು ಕೆಲಸ ಮಾಡಬೇಕು.

ಒಂದು, ಅರ್ಜಿಯ ಜೊತೆಗೆ ಘೋಷಣಾಪತ್ರ ಕಡ್ಡಾಯವಾಗಲಿ. ಸಾಹಿತ್ಯ, ರಾಗ, ವಾದ್ಯ, ದನಿ ಪ್ರತಿಯೊಂದರಲ್ಲೂ ಎಐ ಎಲ್ಲಿ, ಎಷ್ಟು ಬಳಕೆಯಾಗಿದೆ ಎಂಬುದಕ್ಕೆ ನಿರ್ಮಾಪಕ, ಸಂಗೀತ ನಿರ್ದೇಶಕ, ಗಾಯಕ ಮೂವರೂ ಸಹಿ ಹಾಕಬೇಕು.

ಎರಡು, ಗಾಯನದ ಪ್ರಶಸ್ತಿ ಹಾಡಿದ ವ್ಯಕ್ತಿಗೇ ಸಲ್ಲಲಿ. ದನಿಯ ಬಣ್ಣ ಬದಲಿಸಿದ್ದರೆ ಅದನ್ನು ಹೇಳಬೇಕು. ಮೂಲತಃ ಹಾಡಿದವರ ಹೆಸರು ಮುಚ್ಚಿಟ್ಟ ಹಾಡು ಅನರ್ಹವಾಗಬೇಕು.

ಮೂರು, ಅಂತಿಮ ಸುತ್ತಿಗೆ ಬಂದ ಕೆಲವೇ ಹಾಡುಗಳ ಮೂಲ ಗಾಯನ ಮುದ್ರಿಕೆಗಳನ್ನು ತೀರ್ಪುಗಾರರು ತರಿಸಿಕೊಂಡು ಕೇಳಲಿ. ಮನುಷ್ಯರು ಹಾಡಿದ ಮೂಲ ಮುದ್ರಿಕೆಯಲ್ಲಿ ತಪ್ಪಿದ ಟೇಕುಗಳು, ನಡುವೆ ಕೆಮ್ಮು, ಹಾಳೆಯ ಸರಬರ, ಹೆಡ್‌ಫೋನಿನಿಂದ ಸೋರಿದ ತಾಳದ ಟಿಕ್ ಟಿಕ್, 'ಇನ್ನೊಂದ್ಸಲ ತಗೊಳ್ಳೋಣ ಸಾರ್' ಎಂಬ ಮಾತು ಇದ್ದೇ ಇರುತ್ತವೆ. ಹಾಡಿದವರ ಬಳಿ ಈ ಪುರಾವೆ ತಾನಾಗಿ ಉಳಿದಿರುವುದರಿಂದ ಪ್ರಾಮಾಣಿಕರಿಗೆ ಇದು ಹೊರೆಯಲ್ಲ.

ನಾಲ್ಕು, ಸಂಗೀತ ಪ್ರಶಸ್ತಿಯ ತೀರ್ಪುಗಾರರಲ್ಲಿ ಅನುಭವಿ ಧ್ವನಿತಂತ್ರಜ್ಞರೊಬ್ಬರು ಇರಲೇಬೇಕು. 'ಡೊಳ್ಳು' ಪ್ರಕರಣ ಕಲಿಸಿದ ಪಾಠ ಇದು.

ಐದು, ತೀರಿಕೊಂಡವರ ದನಿಯನ್ನು ಎಐ ಮೂಲಕ ಮರುಸೃಷ್ಟಿಸಿದ್ದರೆ ವಾರಸುದಾರರ ಲಿಖಿತ ಒಪ್ಪಿಗೆ ಅರ್ಜಿಯಲ್ಲಿರಬೇಕು. ಅಂಥ ಹಾಡು ಗಾಯನ ಪ್ರಶಸ್ತಿಗೆ ಬರಬಾರದು. ಸುಳ್ಳು ಘೋಷಣೆ ಸಾಬೀತಾದರೆ ಪ್ರಶಸ್ತಿ ಹಿಂಪಡೆಯುವ ಅಧಿಕಾರ, ಅದರ ವಿಧಾನ ಎರಡೂ ಮೊದಲೇ ಪ್ರಕಟವಾಗಿರಲಿ.

ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಕಾಲಾವಕಾಶವೂ ಇದೆ. 2023ರ ಚಿತ್ರಗಳ ರಾಷ್ಟ್ರಪ್ರಶಸ್ತಿ ಪ್ರಕಟವಾದದ್ದು 2025ರ ಆಗಸ್ಟ್ 1ರಂದು. ರಾಜ್ಯ ಪ್ರಶಸ್ತಿಗಳಂತೂ ವರ್ಷಗಟ್ಟಲೆ ಹಿಂದುಳಿದಿವೆ. ತಡವಾಗುತ್ತಿದೆ ಎಂದು ಪ್ರತಿವರ್ಷ ಬೇಸರಿಸುವ ನಾವು ಆ ತಡವನ್ನೇ ಒಮ್ಮೆ ಒಳ್ಳೆಯದಕ್ಕೆ ಬಳಸಿಕೊಳ್ಳಬಹುದು. ಎಐ ಹಾಡುಗಳು ರಾಶಿರಾಶಿಯಾಗಿ ಬಂದ ವರ್ಷಗಳ ಅರ್ಜಿಗಳು ತೀರ್ಪುಗಾರರ ಮೇಜಿಗೆ ಬರುವಾಗ ನಿಯಮಾವಳಿ ಸಿದ್ಧವಾಗಿರಬೇಕು.

ಚಿತ್ರೋದ್ಯಮವೂ ಸರ್ಕಾರದ ಸುತ್ತೋಲೆಗೆ ಕಾಯಬೇಕಿಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿ, ಆಡಿಯೊ ಕಂಪನಿಗಳು, ಸಂಗೀತ ನಿರ್ದೇಶಕರು ಮತ್ತು ಗಾಯಕರು ಒಟ್ಟಿಗೆ ಕೂತು, ಟ್ರ್ಯಾಕ್ ಹಾಡಿದವರ ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವುದಿಲ್ಲ, ಬಳಸಿದರೆ ಹೆಸರು ಕೊಡುತ್ತೇವೆ ಎಂದು ಒಪ್ಪಂದದಲ್ಲೇ ಬರೆಯಲಿ. ಹಿರಿಯ ಗಾಯಕರು ಈ ಬೇಡಿಕೆಯ ಮುಂದಾಳತ್ವ ವಹಿಸಲಿ. ಟ್ರ್ಯಾಕ್ ಹಾಡಿಯೇ ಬಂದವರು ಅವರಲ್ಲಿ ಹಲವರಿದ್ದಾರೆ.

ಓದುಗರಲ್ಲಿ ಒಂದು ಮಾತು. ಹಾಡು ಇಷ್ಟವಾದಾಗ ಹಾಡಿದವರ ಹೆಸರು ಹುಡುಕಿ ನೋಡಿ. ಹೆಸರು ಇಲ್ಲದಿದ್ದರೆ ಯಾಕಿಲ್ಲ ಎಂದು ಕಂಪನಿಯನ್ನು, ಚಿತ್ರತಂಡವನ್ನು ಕೇಳಿ. ಕೇಳುಗರು ಕೇಳದ ಪ್ರಶ್ನೆಯನ್ನು ಪ್ರಶಸ್ತಿ ಸಮಿತಿಗಳು ತಾವಾಗಿ ಕೇಳುವುದಿಲ್ಲ. ಸಚಿವಾಲಯ ಮುಂದಿನ ಅರ್ಜಿ ಆಹ್ವಾನಕ್ಕೆ ಮೊದಲೇ ಈ ನಿಯಮಗಳನ್ನು ಪ್ರಕಟಿಸಲಿ.